ಕಿಟಕಿಯ ಸಂದಿಯ ತಂತಿ

ಮನೆಮನೆಗೆ ಹೋಗಿ ಕಂಪ್ಯೂಟರುಗಳನ್ನು ದುರಸ್ತು ಮಾಡುವ ವೃತ್ತಿಯನ್ನು ನಾವು ಹಿಡಿದು ಬಹುಕಾಲವಾಯಿತು. ಯಂತ್ರದ ರೋಗವನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ರೋಗವೇ ಇಲ್ಲದ ಯಂತ್ರಕ್ಕೆ ಚಿಕಿತ್ಸೆ ಮಾಡಿರೆಂದು ಕರೆದಾಗಲೇ ನಮಗೆ ಕಷ್ಟ. ಕರೆಯುವ ಗೃಹಸ್ಥರಲ್ಲಿ ತಪ್ಪಿಲ್ಲ. ಅವರನ್ನು ನಮ್ಮ ಕಡೆಗೆ ಅಟ್ಟುವವರು ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಯವರು. ಅಂಥದೊಂದು ಪ್ರಸಂಗವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಒಂಟಿಯಾಗಿ ವಾಸವಾಗಿದ್ದಾರೆ. ಮಗನ ಸಂಸಾರ ಪುಣೆಯಲ್ಲಿ. ರಾತ್ರಿ ಎಂಟು ಗಂಟೆಗೆ ಕಂಪ್ಯೂಟರಿನ ಮುಂದೆ ಕುಳಿತು, ಅಲ್ಲಿರುವ ಮೊಮ್ಮಗಳಿಗೆ ಕನ್ನಡ ಓದಿಸುವುದು ಅವರ ನಿತ್ಯದ ಪದ್ಧತಿ. ಕಳೆದ ಮಳೆಗಾಲದಲ್ಲಿ ಆ ಪಾಠವು ಐದೈದು ನಿಮಿಷಕ್ಕೆ ಕಡಿದುಹೋಗತೊಡಗಿತು. ಕಂಪನಿಗೆ ಫೋನು ಮಾಡಿದರೆ, "ನಮ್ಮ ಕಡೆ ಎಲ್ಲವೂ ಸರಿಯಾಗಿದೆ, ನಿಮ್ಮ ಕಂಪ್ಯೂಟರ್ ಹಳೆಯದಾಗಿರಬೇಕು" ಎಂಬ ಉತ್ತರ. ಅಮ್ಮನವರು ಅದನ್ನು ನಂಬಿ, ಪಿಂಚಣಿಯ ಉಳಿತಾಯದಿಂದ 42,000 ರೂಪಾಯಿ ಕೊಟ್ಟು ಹೊಸದನ್ನು ತರಿಸಿದರು. ಪಾಠ ಮೊದಲಿನಂತೆಯೇ ಕಡಿಯಿತು. ಆಗ ನಮಗೆ ಕರೆ ಬಂದಿತು.

ನಾವು ಹೋದದ್ದು ಬೆಳಗ್ಗೆ ಹನ್ನೊಂದು ಗಂಟೆಗೆ. ಒಂದು ಗಂಟೆಯ ಹೊತ್ತು ಪರೀಕ್ಷಿಸಿದೆವು. ಸಂಪರ್ಕ ಒಮ್ಮೆಯೂ ತಪ್ಪಲಿಲ್ಲ. ದೋಷವೇನೂ ಇಲ್ಲವೆಂದು ಹೇಳಿ, 300 ರೂಪಾಯಿ ಪಡೆದು ಬಂದೆವು. ಆ ಹಣವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ರಾತ್ರಿಯೇ ಅವರು ಫೋನು ಮಾಡಿ, "ನೀವು ಇದ್ದಾಗ ಸರಿ ಇರುತ್ತೆ, ಮಗು ಬಂದಾಗ ಹೋಗುತ್ತೆ. ಇದೇನಪ್ಪಾ ಇದು?" ಎಂದರು.

ಮರುದಿನ ರಾತ್ರಿಯೇ ಹೋದೆವು. ಇಂಥ ಸಮಯದಲ್ಲಿ ನಾವು ಮಾಡುವ ಪರೀಕ್ಷೆ ಸುಲಭವಾದದ್ದು. ವೈಫೈ ನಿಲ್ಲಿಸಿ, ಕಂಪ್ಯೂಟರನ್ನು ರೂಟರ್ ಪೆಟ್ಟಿಗೆಗೆ ತಂತಿಯಿಂದಲೇ ಜೋಡಿಸಬೇಕು. ಬಳಿಕ ಪಿಂಗ್ ಎಂಬ ಸಣ್ಣ ಸಂದೇಶವನ್ನು ಒಮ್ಮೆ ಪೆಟ್ಟಿಗೆಗೂ ಒಮ್ಮೆ ಹೊರಗಿನ ಊರಿಗೂ ಕಳುಹಿಸಿ ಉತ್ತರವನ್ನು ಕಾಯಬೇಕು. ಪೆಟ್ಟಿಗೆ ತಪ್ಪದೆ ಉತ್ತರ ಕೊಡುತ್ತಿದ್ದು ಹೊರಗಿನಿಂದ ಉತ್ತರ ಬಾರದಿದ್ದರೆ, ಕಂಪ್ಯೂಟರ್ ನಿರಪರಾಧಿ. ಇಲ್ಲಿ ಹಾಗೆಯೇ ಆಯಿತು. ಪೆಟ್ಟಿಗೆಗೆ ಬರುತ್ತಿದ್ದ ಬೆಳಕಿನ ಬಲವನ್ನು ಅದರದೇ ಪುಟದಲ್ಲಿ ನೋಡಿದೆವು: ಹಗಲಿನಲ್ಲಿ ಮೈನಸ್ 21 ಡಿಬಿಎಂ ಇದ್ದದ್ದು ಈಗ ಮೈನಸ್ 28ಕ್ಕೆ ಇಳಿದಿತ್ತು. ಮೈನಸ್ 27ರ ಕೆಳಗೆ ಹೋದರೆ ಸಾಧಾರಣ ಪೆಟ್ಟಿಗೆಗಳು ತತ್ತರಿಸುತ್ತವೆ.

ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಬಿಗಿಯಾಗಿ ಬಗ್ಗಿಸಿದರೆ ಎಳೆ ಮುರಿಯದಿದ್ದರೂ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ತಂತಿಯ ಜಾಡು ಹಿಡಿದು ಹೋದೆವು. ಗೋಡೆಗೆ ತೂತು ಕೊರೆಯುವ ಶ್ರಮವನ್ನು ಉಳಿಸಿಕೊಳ್ಳಲು ಕಂಪನಿಯವರು ಅದನ್ನು ಕಿಟಕಿಯ ಸಂದಿಯಲ್ಲಿ ಒಳಕ್ಕೆ ತಂದಿದ್ದರು. ಮಳೆಗೆ ಕಿಟಕಿಯ ಮರ ಉಬ್ಬಿತ್ತು. ಸಂಜೆ ಸೊಳ್ಳೆಗೆ ಹೆದರಿ ಅಮ್ಮನವರು ಕಿಟಕಿ ಮುಚ್ಚುವರು, ಬೆಳಗ್ಗೆ ತೆರೆಯುವರು. ಮೊಮ್ಮಗಳು ಬರುವ ಹೊತ್ತಿಗೆ ಬೆಳಕಿನ ಕತ್ತು ಹಿಸುಕಿದಂತಾಗುತ್ತಿತ್ತು.

ರೋಗ ತಿಳಿಯಿತು, ಔಷಧ ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ತಂತಿ ಕಂಪನಿಯ ಸ್ವತ್ತು. ನಾವು ಫೋನು ಮಾಡಿದರೆ, ಖಾತೆದಾರರೊಡನೆ ಮಾತ್ರ ಮಾತನಾಡುವೆವೆಂದರು. ಖಾತೆ ಪುಣೆಯ ಮಗನ ಹೆಸರಿನಲ್ಲಿ. ಓಟಿಪಿ ಹೋಗುವುದು ಅವನ ಫೋನಿಗೆ. ಅವನು ಎರಡು ಸಲ ದೂರು ಕೊಟ್ಟನು. ಎರಡು ಸಲವೂ ಯಾರೂ ಬಾರದೆಯೇ "ನಿಮ್ಮ ದೂರು ಪರಿಹಾರವಾಗಿದೆ" ಎಂಬ ಸಂದೇಶ ಬಂದಿತು. ಟ್ರಾಯ್ ಸಂಸ್ಥೆ 2012ರಲ್ಲಿ ಮಾಡಿದ ನಿಯಮದಂತೆ ಪ್ರತಿ ದೂರಿಗೂ ಒಂದು ಸಂಖ್ಯೆಯನ್ನು ಕೊಡಲೇಬೇಕು. ತೃಪ್ತಿಯಾಗದವರು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಬರೆಯಬಹುದು. ಆ ಎರಡು ಸಂಖ್ಯೆಗಳನ್ನೂ ಕಾಣಿಸಿ ಮಗನಿಂದ ಬರೆಯಿಸಿದೆವು. ಅದುವರೆಗೆ ಅಮ್ಮನವರು ಕಿಟಕಿಯನ್ನು ನಾಲ್ಕು ಬೆರಳು ತೆರೆದು, ಸೊಳ್ಳೆಬತ್ತಿ ಹಚ್ಚಿಕೊಂಡು ಪಾಠ ಹೇಳಿದರು.

ಒಂಬತ್ತನೆಯ ದಿನ ಲೈನ್‌ಮನ್ ಬಂದನು. ಪಾಪ, ಒಳ್ಳೆಯ ಹುಡುಗ. ಹೇಳಿದ್ದನ್ನು ಕೇಳಿಕೊಂಡು, ಗೋಡೆ ಕೊರೆದು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದನು. ನಾವು 300 ರೂಪಾಯಿಯನ್ನು ಹಿಂದಕ್ಕೆ ಕೊಡಹೋದರೆ ಅಮ್ಮನವರು ತೆಗೆದುಕೊಳ್ಳಲಿಲ್ಲ, ಕಾಫಿ ಕೊಟ್ಟರು. ಹೊಸ ಕಂಪ್ಯೂಟರನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅದಕ್ಕೆ ಹೊದಿಕೆ ಹಾಕಿಟ್ಟಿದ್ದಾರೆ. ಪಾಠ ಹಳೆಯದರಲ್ಲಿಯೇ ನಡೆಯುತ್ತಿದೆ.