ಕಾಡಿನ ದಾರಿಯಲ್ಲಿ ಬುತ್ತಿಯ ಗಂಟು

ಹೊಳಲ್ಕೆರೆಯ ನಾವು 38 ಮಂದಿ, ಹಿರಿಯರು ಕಿರಿಯರೆಲ್ಲ ಸೇರಿ, ಬೆಳಗಿನ ಪೂಜೆ ಮುಗಿಸಿಕೊಂಡು ಬಾಡಿಗೆಯ ಬಸ್ಸಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಡೆಗೆ ಪ್ರಯಾಣ ಬೆಳೆಸಿದೆವು. ಹೊಸದುರ್ಗ, ಕಡೂರು ದಾಟುವವರೆಗೂ ಕಿಟಕಿಯಾಚೆ ನಮ್ಮದೇ ಬಯಲು, ತೆಂಗು, ರಾಗಿಯ ಹೊಲ. ಮೂಡಿಗೆರೆ ಕಳೆದು ಕೊಟ್ಟಿಗೆಹಾರ ಸಮೀಪಿಸಿದಾಗ ಮಂಜು ಕವಿಯಿತು. ಮಳೆಗಾಗಿ ಮುಗಿಲನ್ನೇ ನೋಡುವ ಸೀಮೆಯವರು ಭದ್ರೆ ಹುಟ್ಟುವ ಮಲೆಯನ್ನು ಕಂಡು ಮೂಕರಾದರೆ ಆಶ್ಚರ್ಯವೇನು? ಭದ್ರಾ ಮೇಲ್ದಂಡೆಯ ನೀರಿಗಾಗಿ ನಮ್ಮ ಜಿಲ್ಲೆ ಕಾದ ಕಥೆಯನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಅಮೆರಿಕದಿಂದ ರಜೆಗೆ ಬಂದಿದ್ದ ಬಂಧುಗಳ ಮಗನೊಬ್ಬ ನಮ್ಮೊಡನಿದ್ದ. 1872ರಲ್ಲಿ ಸ್ಥಾಪಿತವಾದ ಅಲ್ಲಿನ ಯೆಲ್ಲೋಸ್ಟೋನ್ ಉದ್ಯಾನದ ವೃತ್ತಾಂತವನ್ನು ಬಸ್ಸಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದ. ಭೂಗರ್ಭದ ಕಾವಿಗೆ ಸಿಕ್ಕ ನೀರು ಇಕ್ಕಟ್ಟಾದ ಬಿಲದಲ್ಲಿ ಒತ್ತಡಕ್ಕೊಳಗಾಗಿ, ಒಮ್ಮೆಲೇ ಆವಿಯೊಡನೆ ಮೇಲಕ್ಕೆ ಚಿಮ್ಮುತ್ತದೆಯಂತೆ. ಓಲ್ಡ್ ಫೇಯ್ತ್‌ಫುಲ್ ಎಂಬ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ 100 ಅಡಿಗೂ ಎತ್ತರಕ್ಕೆ ಏಳುತ್ತದೆ. ‘ನಮ್ಮಲ್ಲಿಲ್ಲವೇ?’ ಎಂದು ಮಕ್ಕಳು ಹಟ ಹಿಡಿದವು. ಪುತ್ತೂರಿನ ಬಳಿಯ ಬೆಂದ್ರು ತೀರ್ಥಕ್ಕೆ ಮರುದಿನ ಕರೆದೊಯ್ಯುವುದಾಗಿ ಒಪ್ಪಿಕೊಂಡೆವು.

ಉದ್ಯಾನದೊಳಗೆ ಜಲಪಾತವೊಂದರ ಬಳಿ ಇಳಿದಾಗ ಕೋತಿಗಳ ಹಿಂಡು ನಮ್ಮನ್ನು ಮುತ್ತಿತು. ನಮ್ಮ ತಂಡದ ಹಿರಿಯ ಅಜ್ಜಿ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಮುರಿಯತೊಡಗಿದರು. ಅರಣ್ಯ ಕಾವಲುಗಾರ ಓಡಿಬಂದು, ‘ಹಾಕಬೇಡಿ ತಾಯೀ’ ಎಂದು ತಡೆದ.

‘ಹಸಿದ ಜೀವದ ಮುಂದೆ ಬುತ್ತಿ ಮುಚ್ಚಿಕೊಂಡು ಹೋಗೋದನ್ನ ನಮ್ಮ ಮನೇಲಿ ಕಲಿಸಿಲ್ಲಪ್ಪ’ ಎಂದರು ಅಜ್ಜಿ. ಅವರ ಕಣ್ಣು ತುಂಬಿತ್ತು.

ಸತ್ಯ ಹೇಳುವುದಾದರೆ, ನಾವೂ ಆಗ ಅಜ್ಜಿಯ ಪಕ್ಷವೇ. ದಾಸೋಹದ ಮನೆತನದಲ್ಲಿ ಬೆಳೆದವರಿಗೆ ಆ ಮಾತು ಕಠೋರವಾಗಿ ಕೇಳಿಸಿತು. ಆದರೆ ಕಾವಲುಗಾರ ಕೋಪಿಸಿಕೊಳ್ಳಲಿಲ್ಲ. ಕೈತುತ್ತಿನ ರುಚಿ ಹತ್ತಿದ ಕೋತಿ ಕಾಡಿನ ಹಣ್ಣು ಹುಡುಕದೆ ರಸ್ತೆಯಲ್ಲಿಯೇ ಕಾಯುತ್ತದೆ, ಮರಿಯನ್ನು ಅಪ್ಪಿಕೊಂಡ ತಾಯಿ ಗಾಲಿಗೆ ಸಿಕ್ಕುತ್ತದೆ, ತಿಂಡಿ ಸಿಗದಿದ್ದಾಗ ಮಕ್ಕಳನ್ನು ಕಚ್ಚುತ್ತದೆ ಎಂದು ವಿವರಿಸಿದ. ಯೆಲ್ಲೋಸ್ಟೋನಿನಲ್ಲಿಯೂ ಹಿಂದೆ ಪ್ರವಾಸಿಗರು ಕರಡಿಗಳಿಗೆ ತಿನಿಸುತ್ತಿದ್ದರು, ಅವು ಜನರನ್ನು ಗಾಯಗೊಳಿಸಿದವು, ಕೊನೆಗೆ 1970ರ ಸುಮಾರಿಗೆ ಕಸದ ಗುಂಡಿಗಳನ್ನೂ ಮುಚ್ಚಬೇಕಾಯಿತು ಎಂದು ತರುಣನು ದನಿಗೂಡಿಸಿದ. ನಮ್ಮ ಬಾಗಿಲಿಗೆ ಬಂದವರಿಗೆ ಉಣಬಡಿಸುವುದು ದಾಸೋಹ; ಇಲ್ಲಿ ಬಾಗಿಲು ಅವುಗಳದು, ಅತಿಥಿಗಳು ನಾವು. ಇದು ನಮಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಅಜ್ಜಿಗೆ ಹೇಳಿದೆವು. ಅವರು ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು.

ಸಂಜೆ ಎತ್ತರದ ಮರವೊಂದರಲ್ಲಿ ಸಿಂಗಳೀಕ ಕಂಡಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಗೆ ಕುಚ್ಚುಳ್ಳ ಬಾಲ. ಜಗತ್ತಿನಲ್ಲಿ ಈ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಕಾಡಿನ ನಡುವೆಯೇ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು; ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅದು 2005ರ ಅಂತ್ಯಕ್ಕೆ ನಿಂತಿತು. ಸಿಂಗಳೀಕ ನಮ್ಮತ್ತ ಒಮ್ಮೆಯೂ ತಿರುಗಿ ನೋಡದೆ ಕೊಂಬೆಯಿಂದ ಕೊಂಬೆಗೆ ಸರಿದುಹೋಯಿತು.

‘ಇದಕ್ಕೆ ನಮ್ಮ ರೊಟ್ಟಿಯ ಹಂಗಿಲ್ಲ ನೋಡು’ ಎಂದರು ಅಜ್ಜಿ.

ಮರುದಿನ ಘಟ್ಟವಿಳಿದು, ಕಾರ್ಕಳದ ಮಾರ್ಗವಾಗಿ, ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿರುವ ಬೆಂದ್ರು ತೀರ್ಥ ತಲುಪಿದೆವು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಚಿಮ್ಮುವುದಿಲ್ಲ, ಕಟ್ಟಿದ ಕೊಳದಲ್ಲಿ ಶಾಂತವಾಗಿ ನಿಂತಿದೆ. ಮಕ್ಕಳಿಗೆ ತುಸು ನಿರಾಶೆಯಾದರೂ, ಅಜ್ಜಿ ‘ಉಗುರುಬೆಚ್ಚಗೈತಿ’ ಎಂದು ಸಂಭ್ರಮಿಸಿದರು. ಅಲ್ಲಿಯೇ ನೆರಳಿನಲ್ಲಿ ಕುಳಿತು ಬುತ್ತಿಯ ಗಂಟನ್ನು ಬಿಚ್ಚಿದರು. ಎರಡು ದಿನದ ರೊಟ್ಟಿ ಗಟ್ಟಿಯಾಗಿತ್ತು, ಶೇಂಗಾ ಚಟ್ನಿಯ ಪುಡಿಯೊಡನೆ ಎಲ್ಲರೂ ಹಂಚಿಕೊಂಡು ತಿಂದೆವು. ಬಿದ್ದ ಚೂರುಗಳನ್ನು ಅಜ್ಜಿ ಒಂದೊಂದಾಗಿ ಆಯ್ದು ಸೆರಗಿಗೆ ಕಟ್ಟಿಕೊಂಡರು.