ಫೋನ್ ರೀಸೆಟ್ ಹೊಡೆಯೋ ಮುಂಚೆ ಒಂದು ಮಾತು

ಮದುವೆ ಕರೆಯೋಲೆ ಅಂತ ವಾಟ್ಸಾಪ್‌ಗೆ ಒಂದು ಫೈಲ್ ಬರುತ್ತೆ. ಹೆಸರಿನ ಕೊನೆಗೆ ‘ಎಪಿಕೆ’ ಅಂತಿರುತ್ತೆ. ಯಾರ ಮನೆ ಮದುವೆಯೋ ಅಂತ ಒತ್ತಿದರೆ ಫೋಟೋ ತೆರೆಯಲ್ಲ, ಆ್ಯಪ್ ಒಂದು ಬಂದು ಕೂರುತ್ತೆ. ಮೆಸೇಜ್ ಓದೋಕೆ ಅನುಮತಿ ಕೇಳುತ್ತೆ. ಕೊಟ್ಟರೆ ಮುಗೀತು, ಬ್ಯಾಂಕಿನ ಒಟಿಪಿ ನೇರ ಕಳ್ಳನ ಕೈಗೆ. ಟ್ರಾಫಿಕ್ ದಂಡ, ಪಿಎಂ ಕಿಸಾನ್ ಹೆಸರಲ್ಲೂ ಇದೇ ಆಟ ನಡೆದಿದೆ.

ನಮ್ಮ ಬಳಗದ ಒಬ್ಬರ ಮಾವನಿಗೆ ಹೀಗೇ ಆಯ್ತು. ಡೇರಿಯಿಂದ ಬಂದ ಹಾಲಿನ ದುಡ್ಡು ಒಂದೇ ರಾತ್ರಿಲಿ ಖಾಲಿ. ಗಾಬರಿಯಲ್ಲಿ ಮೊಬೈಲ್ ಅಂಗಡಿಗೆ ಹೋದರು. ಅಂಗಡಿ ಹುಡುಗ ಒಳ್ಳೆ ಮನಸ್ಸಿಂದಲೇ, ‘ರೀಸೆಟ್ ಹೊಡೆದುಬಿಡ್ತೀನಿ ಯಜಮಾನ್ರೇ, ವೈರಸ್ ಎಲ್ಲಾ ಹೋಗುತ್ತೆ’ ಅಂದ. ಹೊಡೆದ. ವೈರಸ್ ಹೋಯ್ತು. ಅದರ ಜೊತೆಗೆ ಕಳ್ಳನ ಹೆಜ್ಜೆ ಗುರುತೂ ಹೋಯ್ತು. ಠಾಣೆಯಲ್ಲಿ ‘ಆ ಫೈಲ್ ಎಲ್ಲಿದೆ?’ ಅಂದಾಗ ಮಾವನ ಹತ್ತಿರ ತೋರಿಸೋಕೆ ಏನೂ ಇರಲಿಲ್ಲ.

ಆ ಫೈಲ್‌ನಲ್ಲಿ ಅಂಥದ್ದೇನು ಇರುತ್ತೆ? ಯಾವ ಪ್ರೋಗ್ರಾಮ್ ಒಳಗೂ ಅಕ್ಷರದ ಸಾಲುಗಳು ಇರುತ್ತವೆ. ಪರದೆ ಮೇಲೆ ಕಾಣೋ ಮಾತು, ಮಾಹಿತಿ ಕಳಿಸಬೇಕಾದ ಸರ್ವರ್‌ನ ವಿಳಾಸ, ಪಾಸ್‌ವರ್ಡ್, ಫೋನ್ ನಂಬರ್. ಕಂಪ್ಯೂಟರ್‌ನವರು ಇವನ್ನ ‘ಸ್ಟ್ರಿಂಗ್’ ಅಂತಾರೆ. ಕದ್ದ ಒಟಿಪಿ ಎಲ್ಲಿಗೆ ಹೋಗಬೇಕು ಅನ್ನೋದನ್ನ ಕಳ್ಳ ಆ್ಯಪ್‌ಗೆ ಹೇಳಿರಲೇಬೇಕಲ್ಲ? ಆ ವಿಳಾಸ ಸಿಕ್ಕರೆ ತನಿಖೆಗೆ ದಾರಿ ಸಿಕ್ಕ ಹಾಗೆ.

ಕಳ್ಳನೂ ದಡ್ಡನಲ್ಲ. ಅಕ್ಷರಗಳನ್ನ ಗೂಢಲಿಪಿ ಮಾಡಿ ಇಟ್ಟಿರುತ್ತಾನೆ. ಫೈಲ್ ಬಿಚ್ಚಿ ನೋಡಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಆದರೆ ಬುತ್ತಿ ಗಂಟನ್ನ ಎಷ್ಟೇ ಬಿಗಿಯಾಗಿ ಕಟ್ಟಿದ್ರೂ ಊಟಕ್ಕೆ ಕೂತಾಗ ಬಿಚ್ಚಲೇಬೇಕು. ಆ್ಯಪ್ ಓಡುವಾಗ ಆ ವಿಳಾಸವನ್ನ ಮೆಮೊರಿಯಲ್ಲಿ ಬಿಚ್ಚಲೇಬೇಕು, ಇಲ್ಲದಿದ್ದರೆ ಅದಕ್ಕೇ ಬಳಸೋಕಾಗಲ್ಲ. ಆ ಗಳಿಗೆಯಲ್ಲೇ ಅದನ್ನ ಹಿಡಿಯೋದು ಒಂದು ವಿದ್ಯೆ. ಫ್ರೀಡಾದಂಥ ಉಚಿತ ಸಾಧನಗಳೂ ಇವೆ. ಸಿಮ್ ಇಲ್ಲದ, ಯಾರ ಮಾಹಿತಿಯೂ ಇಲ್ಲದ ಬೇರೆ ಫೋನಿನಲ್ಲಿ ಆ್ಯಪ್ ಓಡಿಸಿ, ಅದು ಒಳಗೊಳಗೇ ಏನು ಓದುತ್ತೆ, ಯಾರನ್ನ ಕರೆಯುತ್ತೆ ಅಂತ ನೋಡ್ತಾರೆ.

ಇದರಿಂದ ಎಷ್ಟು ಉಪಯೋಗ ಅನ್ನೋದಕ್ಕೆ 2017ರ ಮೇ ತಿಂಗಳು ಸಾಕ್ಷಿ. ‘ವನ್ನಾಕ್ರೈ’ ಅನ್ನೋ ವೈರಸ್ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನ ವಾಪಸ್ ಕಳಿಸಬೇಕಾಯ್ತು. ಮಾರ್ಕಸ್ ಹಚಿನ್ಸ್ ಅನ್ನೋ ಇಂಗ್ಲೆಂಡಿನ ಯುವಕ ಅದನ್ನ ಪ್ರತ್ಯೇಕ ಯಂತ್ರದಲ್ಲಿ ಓಡಿಸಿ ನೋಡಿದರು. ಅದು ಯಾರೂ ನೋಂದಾಯಿಸದ ಒಂದು ವೆಬ್ ವಿಳಾಸವನ್ನ ಕರೀತಿತ್ತು. ಹತ್ತು ಡಾಲರ್ ಚಿಲ್ಲರೆ ಕೊಟ್ಟು ಅದನ್ನ ನೋಂದಾಯಿಸಿದರು. ಆ ವಿಳಾಸ ಉತ್ತರ ಕೊಟ್ಟರೆ ನಿಂತುಬಿಡೋ ಹಾಗೆ ವೈರಸ್ಸನ್ನ ಬರೆದಿದ್ದರು. ಹಬ್ಬೋದು ಅಲ್ಲಿಗೆ ತಗ್ಗಿತು.

ಅದೇ ವಾರ ಫ್ರಾನ್ಸಿನ ಆಡ್ರಿಯೆನ್ ಗಿನೆ ಇನ್ನೊಂದು ದಾರಿ ತೋರಿಸಿದರು. ಬೀಗದ ಕೈ ಕಟ್ಟೋಕೆ ಬೇಕಾದ ಸಂಖ್ಯೆಗಳು ಓಡ್ತಿರೋ ವೈರಸ್ಸಿನ ಮೆಮೊರಿಯಲ್ಲೇ ಉಳಿದಿರಬಹುದು ಅಂತ ಕಂಡುಕೊಂಡು, ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಅದನ್ನ ಹೆಕ್ಕೋ ಸಾಧನ ಕೊಟ್ಟರು. ಒಂದೇ ಷರತ್ತು ಮುಖ್ಯ: ಕಂಪ್ಯೂಟರ್ ಆಫ್ ಮಾಡಿರಬಾರದು. ಗಾಬರಿಯಲ್ಲಿ ಸ್ವಿಚ್ ಒತ್ತಿದವರಿಗೆ ಆ ದಾರಿ ಮುಚ್ಚಿತ್ತು. ನಮ್ಮ ಮಾವನ ಕತೆಯೂ ಇದೇ ತಾನೇ?

‘ಈ ವಿದ್ಯೆ ಕಳ್ಳರಿಗೂ ಗೊತ್ತಲ್ಲ’ ಅಂತ ನೀವು ಕೇಳಬಹುದು. ಹೌದು. ದುಡ್ಡು ಕೊಟ್ಟು ತಗೋಬೇಕಾದ ಸಾಫ್ಟ್‌ವೇರನ್ನ ಪುಕ್ಕಟೆ ಮಾಡೋರು, ಬೇರೆಯವರ ಪಾಸ್‌ವರ್ಡ್ ಹೆಕ್ಕೋರು ಇದನ್ನೇ ಬಳಸ್ತಾರೆ. ಹಾಗಂತ ಕುಡುಗೋಲು ಮಾಡೋ ಕುಲುಮೆನ ಯಾರೂ ಮುಚ್ಚಿಸಲ್ಲ. ನಮ್ಮ ಕಾನೂನೂ ಈ ವ್ಯತ್ಯಾಸವನ್ನ ಸ್ವಲ್ಪ ಮಟ್ಟಿಗೆ ಒಪ್ಪುತ್ತೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತೆ ಅಂತ ಗಮನಿಸಿ ಅಧ್ಯಯನ ಮಾಡೋಕೆ ಕೆಲವು ಮಿತಿಗಳೊಳಗೆ ಅವಕಾಶ ಕೊಡುತ್ತೆ. ಐಟಿ ಕಾಯ್ದೆಯ 66ನೇ ಕಲಂ, ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್‌ಗೆ ಕೈ ಹಾಕಿ ಮೋಸ ಮಾಡಿದವರಿಗೆ ಮೂರು ವರ್ಷದವರೆಗೆ ಜೈಲು ಅನ್ನುತ್ತೆ. ನಮ್ಮದೇ ಫೋನಿಗೆ ಬಂದ ಕಳ್ಳ ಫೈಲನ್ನ ಪರೀಕ್ಷಿಸೋದು ಬೇರೆ, ಬೇರೆಯವರ ಸರ್ವರ್‌ಗೆ ನುಗ್ಗೋದು ಬೇರೆ. ಈ ಗೆರೆಯನ್ನ ಕಾಯ್ದೆಯಲ್ಲಿ ಇನ್ನೂ ಸ್ಪಷ್ಟವಾಗಿ ಬರೀಬೇಕು. ಪ್ರಾಮಾಣಿಕವಾಗಿ ಪರೀಕ್ಷಿಸೋ ಹುಡುಗ ಹುಡುಗಿಯರು ಕೇಸಿನ ಭಯದಲ್ಲಿ ಕೂರಬಾರದು.

ನಮ್ಮ ಒತ್ತಾಯ ಇನ್ನೆರಡು. ಒಂದು, ಜಿಲ್ಲೆಗಳ ಸೈಬರ್ ಠಾಣೆಗಳಲ್ಲಿ ದೂರಿನ ಜೊತೆಗೆ ಆ ಫೈಲನ್ನೂ ಕೇಳಿ ಪಡೆದು, ಓಡಿಸಿ ಪರೀಕ್ಷಿಸೋರು ಇರಬೇಕು. ಎರಡು, ಊರ ಹತ್ತಿರದ ಐಟಿಐ, ಡಿಪ್ಲೊಮಾ ಕಾಲೇಜುಗಳಲ್ಲಿ ಈ ವಿದ್ಯೆ ಕಲಿಸಬೇಕು. ಕಳ್ಳ ನಮ್ಮ ಹಳ್ಳಿವರೆಗೂ ಬಂದಿದ್ದಾನೆ, ಹಿಡಿಯೋ ವಿದ್ಯೆ ಮಾತ್ರ ಬೆಂಗಳೂರಲ್ಲೇ ಉಳಿದರೆ ಹೇಗೆ?

ಅಲ್ಲಿವರೆಗೆ ಇಷ್ಟು ನೆನಪಿಡಿ. ಗೊತ್ತಿಲ್ಲದ ಎಪಿಕೆ ಒತ್ತಬೇಡಿ, ಪರೀಕ್ಷೆ ಮಾಡೋಣ ಅಂತ ನಿಮ್ಮ ಫೋನಲ್ಲಂತೂ ಓಡಿಸಲೇಬೇಡಿ. ಒತ್ತಿಬಿಟ್ಟಿದ್ದರೆ ಫೋನನ್ನ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆಫ್ ಮಾಡಿ, ಸಿಮ್ ತೆಗೀರಿ. ಬೇರೆ ಫೋನಿಂದ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆಮೇಲೆ ಫೋನನ್ನ ಹಾಗೇ ಠಾಣೆಗೆ ತಗೊಂಡು ಹೋಗಿ. ರೀಸೆಟ್ ಹೊಡೆಯೋದು ಅದಾದ ಮೇಲೆ.