ಗೃಹಾರೋಗ್ಯ: ಬಣ್ಣದೊಳಗಿನ ಸೀಸ

ಹಬ್ಬಕ್ಕೆ ಮುಂಚೆ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಸುವ ಗೃಹಸ್ಥರು ಅದರ ಹೊಳಪನ್ನು ನೋಡುವರೇ ಹೊರತು ಒಳಗೇನಿದೆಯೆಂದು ವಿಚಾರಿಸುವುದು ಅಪರೂಪ. ಎಣ್ಣೆಬಣ್ಣವು ಬೇಗನೆ ಒಣಗಲೆಂದೂ ಬಹುಕಾಲ ಬಾಳಲೆಂದೂ ಅದಕ್ಕೆ ಸೀಸವನ್ನು ಬೆರೆಸುವ ವಾಡಿಕೆಯು ಹಳೆಯದು. ಆ ಸೀಸವು ಎಳೆಯ ಮಕ್ಕಳ ಬುದ್ಧಿಯನ್ನು ಕುಂದಿಸುವುದು. ಹಾಗಾದ ಕೇಡು ಮರಳಿ ಸರಿಹೋಗದು.

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಡಾಕ್ಟರ್ ಲಾಕ್‌ಹಾರ್ಟ್ ಗಿಬ್ಸನ್ ಎಂಬ ನೇತ್ರವೈದ್ಯರು 1904ರಲ್ಲಿಯೇ ಇದರ ಮೂಲವನ್ನು ತೋರಿಸಿದರು. ಜಗಲಿಯ ಕಟಕಟೆಯ ಬಣ್ಣವು ಬಿಸಿಲಿಗೆ ಪುಡಿಯಾಗಿ, ಮಕ್ಕಳ ಬೆರಳಿಗಂಟಿ, ಬಾಯಿಯನ್ನು ಸೇರುತ್ತಿದ್ದಿತು. 1921ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಗೆ ಬಿಳಿಯ ಸೀಸದ ಬಣ್ಣವನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಿತಾದರೂ, ಅದು ಬಣ್ಣಗಾರರ ಕ್ಷೇಮವನ್ನು ನೆನೆದ ಒಪ್ಪಂದ. ಮಕ್ಕಳನ್ನು ನೆನೆದು 1922ರಲ್ಲಿ ಕಾಯಿದೆ ಮಾಡಿದುದು ಬ್ರಿಸ್ಬೇನಿರುವ ಕ್ವೀನ್ಸ್‌ಲೆಂಡ್ ಪ್ರಾಂತ. ಶ್ರೀಮಂತವಾದ ಅಮೆರಿಕೆಯು ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದುದು 1978ರಲ್ಲಿ! ಈಗ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ, ಎಲ್ಲ ದೇಶಗಳಲ್ಲಿಯೂ ಇಂತಹ ಕಾಯಿದೆಯಾಗಲೆಂದು ಶ್ರಮಿಸುತ್ತಿವೆ. ಅವು ಸೂಚಿಸುವ ಮಿತಿಯು ಹತ್ತು ಲಕ್ಷ ಭಾಗಕ್ಕೆ 90 ಭಾಗ. ಮನೆಬಣ್ಣಗಳಿಗೆ ನಮ್ಮ ದೇಶದ 2016ರ ನಿಯಮವೂ ಇದನ್ನೇ ವಿಧಿಸಿ, 2017ರ ನವೆಂಬರಿನಿಂದ ಜಾರಿಗೆ ಬಂದಿದೆ.

ಆದರೆ ಕಾಯಿದೆಯು ಡಬ್ಬಿಯೊಳಗಿನ ಹೊಸ ಬಣ್ಣವನ್ನು ಆಳಬಲ್ಲುದೇ ವಿನಾ ಬಾಗಿಲ ಮೇಲಿನ ಹಳೆಯ ಬಣ್ಣವನ್ನು ತೆಗೆಯಲಾರದು. ಹಳೆಯ ಮನೆಯುಳ್ಳವರು ಅದನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ಉಜ್ಜಿಸಕೂಡದು. ನೀರು ಚಿಮುಕಿಸಿ ಕೆರೆಯಿಸಬೇಕು. ಆಗ ಮಕ್ಕಳೂ ಬಸುರಿಯರೂ ಅತ್ತ ಸುಳಿಯಬಾರದು. ಕೆಲಸ ಮುಗಿದ ಮೇಲೆ ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರಸತಕ್ಕದ್ದು.